ಮನಸ್ಸು ಗಣಕಯಂತ್ರವೇ?

ಲೆಕ್ಕವನ್ನು ಬೇಗನೆ ಬಿಡಿಸುವ ವಿದ್ಯಾರ್ಥಿಯನ್ನು ಕಂಡು "ಅವನ ತಲೆ ಕಂಪ್ಯೂಟರ್ ಇದ್ದಂತೆ" ಎಂದು ಹೊಗಳುವುದುಂಟು. ಪಾಠ ನೆನಪಿನಲ್ಲಿ ನಿಲ್ಲದವನು "ನನ್ನ ತಲೆಯಲ್ಲಿ ಇನ್ನು ಜಾಗವಿಲ್ಲ" ಎಂದು ಕೊರಗುವುದೂ ಉಂಟು. ಇವು ಆಡುಮಾತುಗಳೇ ಆದರೂ ಇವುಗಳ ಹಿಂದೆ ಒಂದು ಗಂಭೀರವಾದ ವೈಜ್ಞಾನಿಕ ವಾದವಿದೆ. ಮಾನವನ ಮನಸ್ಸು ಒಂದು ಬಗೆಯ ಗಣಕಯಂತ್ರ, ಆಲೋಚನೆಯೆಂಬುದು ಒಂದು ಬಗೆಯ ಗಣನೆ ಎಂಬುದೇ ಆ ವಾದ. ಇದು ಹೇಗೆ ಹುಟ್ಟಿತು, ಇದು ನಿಜವಾಗಿ ಹೇಳುವುದೇನು, ಪರೀಕ್ಷೆಗೆ ಒಡ್ಡಿದಾಗ ಇದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಯಂತ್ರಕ್ಕಿಂತ ಮೊದಲು ಮನುಷ್ಯ

ಕಂಪ್ಯೂಟರ್ ಎಂಬ ಹೆಸರು ಮೊದಲು ಯಂತ್ರದ್ದಾಗಿರಲಿಲ್ಲ. ಅದು ಒಂದು ಉದ್ಯೋಗದ ಹೆಸರಾಗಿತ್ತು. ಖಗೋಳ ವೀಕ್ಷಣಾಲಯಗಳಲ್ಲಿಯೂ ನೌಕಾಯಾನದ ಪಂಚಾಂಗಗಳನ್ನು ಸಿದ್ಧಪಡಿಸುವ ಕಚೇರಿಗಳಲ್ಲಿಯೂ ಕುಳಿತು ಕಾಗದ ಪೆನ್ಸಿಲುಗಳಿಂದ ದಿನವೆಲ್ಲ ಗಣಿಸುತ್ತಿದ್ದವರಿಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. 1936ರಲ್ಲಿ ಕೇಂಬ್ರಿಜ್‌ನ ತರುಣ ಗಣಿತಜ್ಞ ಅಲನ್ ಟ್ಯೂರಿಂಗ್ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ವಿಶ್ಲೇಷಿಸಿದ್ದು ಇಂತಹ ಒಬ್ಬ ಮನುಷ್ಯನನ್ನೇ. ಲೆಕ್ಕ ಮಾಡುವವನು ಒಂದು ಗಳಿಗೆಯಲ್ಲಿ ಏನು ಮಾಡುತ್ತಾನೆ ಎಂದು ಆತ ಕೇಳಿದನು.

47ನ್ನು 6ರಿಂದ ಗುಣಿಸುವ ವಿದ್ಯಾರ್ಥಿಯನ್ನು ನೋಡೋಣ. ಆರು ಏಳಲಿ ನಲವತ್ತೆರಡು. 2ನ್ನು ಬರೆದು 4ನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಾನೆ. ಆರು ನಾಲ್ಕಲಿ ಇಪ್ಪತ್ತನಾಲ್ಕು, ಕೈಯಲ್ಲಿದ್ದ ನಾಲ್ಕು ಸೇರಿ ಇಪ್ಪತ್ತೆಂಟು, ಉತ್ತರ 282. ಒಂದೊಂದು ಹೆಜ್ಜೆಯಲ್ಲಿಯೂ ಅವನು ನೋಡುವುದು ಒಂದೆರಡು ಅಂಕಿಗಳನ್ನು ಮಾತ್ರ. ಮುಂದೇನು ಮಾಡಬೇಕೆಂಬುದನ್ನು ನಿಯಮವೇ ಹೇಳುತ್ತದೆ. ಆ 47 ಮಾವಿನ ಹಣ್ಣುಗಳೋ ರೂಪಾಯಿಗಳೋ ಎಂದು ಅವನಿಗೆ ತಿಳಿದಿರಬೇಕಾದುದಿಲ್ಲ. ಹಾಗಾದರೆ ಈ ಕೆಲಸವನ್ನು ಜಡವಾದ ಯಂತ್ರವೂ ಮಾಡಬಲ್ಲದು ಎಂದು ಟ್ಯೂರಿಂಗ್ ತೋರಿಸಿದನು. ಅಷ್ಟೇ ಅಲ್ಲ, ತಕ್ಕ ಆದೇಶಗಳನ್ನು ಕೊಟ್ಟರೆ ಇಂತಹ ಯಂತ್ರಗಳೆಲ್ಲದರ ಕೆಲಸವನ್ನೂ ಒಂದೇ ಯಂತ್ರವು ಮಾಡಬಲ್ಲದೆಂದು ಸಾಧಿಸಿದನು. ಇಂದಿನ ಗಣಕಯಂತ್ರಗಳಿಗೆ ತಾತ್ತ್ವಿಕ ತಳಹದಿ ಇದೇ.

ಮುಂದೆ ಹೋಲಿಕೆಯ ದಿಕ್ಕು ತಿರುಗಿತು. 1980ರಲ್ಲಿ ಬೆಂಗಳೂರು ಮೂಲದ ಶಕುಂತಲಾ ದೇವಿಯವರು ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ 28 ಸೆಕೆಂಡುಗಳಲ್ಲಿ ಗುಣಿಸಿದರು. ಅವರನ್ನು ಜಗತ್ತು ಕೊಂಡಾಡಿದ್ದು "ಮಾನವ ಕಂಪ್ಯೂಟರ್" ಎಂದು. ಮನುಷ್ಯನಿಂದ ಯಂತ್ರಕ್ಕೆ ಹೋದ ಹೆಸರು ಮರಳಿ ಮನುಷ್ಯನಿಗೆ ಬಿರುದಾಗಿ ಬಂದಿತು. ಮನುಷ್ಯನ ಹಲವು ಕೆಲಸಗಳಲ್ಲಿ ಒಂದನ್ನು ನೋಡಿಯೇ ಈ ಯಂತ್ರವನ್ನು ಕಲ್ಪಿಸಿದುದು. ಆ ಒಂದು ಕೆಲಸದಲ್ಲಿ ಇವೆರಡೂ ಹೋಲುವುದು ಆಶ್ಚರ್ಯವಲ್ಲ. ಮನಸ್ಸಿನ ಉಳಿದ ಕೆಲಸಗಳೂ ಹಾಗೆಯೇ ನಡೆಯುತ್ತವೆಯೇ ಎಂಬುದು ನಿಜವಾದ ಪ್ರಶ್ನೆ.

ವಾದದ ಬಲ

ಮಿದುಳಿನಲ್ಲಿ ತಂತಿಗಳೂ ಗುಂಡಿಗಳೂ ಇವೆಯೆಂದು ಈ ವಾದವು ಹೇಳುವುದಿಲ್ಲ. ಅದು ಹೇಳುವುದು ಎರಡು ಮಾತುಗಳನ್ನು. ಮೊದಲನೆಯದಾಗಿ, ಆಲೋಚನೆಯೆಂದರೆ ಸಂಕೇತಗಳನ್ನು ನಿಯಮಾನುಸಾರವಾಗಿ ಮಾರ್ಪಡಿಸುವುದು. ಎರಡನೆಯದಾಗಿ, ಆ ಸಂಕೇತಗಳನ್ನು ಯಾವ ವಸ್ತುವಿನಿಂದ ಮಾಡಿದೆ ಎಂಬುದು ಮುಖ್ಯವಲ್ಲ. ಗುಣಾಕಾರವನ್ನು ಸ್ಲೇಟಿನ ಮೇಲೆ ಮಾಡಿದರೂ ಕಾಗದದ ಮೇಲೆ ಮಾಡಿದರೂ ಉತ್ತರ ಒಂದೇ ಅಲ್ಲವೇ?

1943ರಲ್ಲಿ ಅಮೆರಿಕದ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬವರು, ನರಕೋಶಗಳನ್ನು "ಹೌದು" ಅಥವಾ "ಇಲ್ಲ" ಎಂದು ಮಾತ್ರ ಹೇಳುವ ಘಟಕಗಳೆಂದು ಭಾವಿಸಿದರೆ ಅವುಗಳ ಜಾಲವು ತರ್ಕದ ಕ್ರಿಯೆಗಳನ್ನು ನಡೆಸಬಲ್ಲದೆಂದು ತೋರಿಸಿದರು. 1956ರಲ್ಲಿ ನ್ಯೂವೆಲ್, ಸೈಮನ್ ಮತ್ತು ಷಾ ಅವರು ರಚಿಸಿದ ಕ್ರಮವಿಧಿಯೊಂದು, ರಸೆಲ್ ಮತ್ತು ವೈಟ್‌ಹೆಡ್ ಅವರ ಗ್ರಂಥದ ಒಂದು ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು. ಅದಕ್ಕೆ ಹಿಂದಿನ ದಶಕಗಳಲ್ಲಿ ಅಮೆರಿಕದ ಬಹುಮಂದಿ ಮನೋವಿಜ್ಞಾನಿಗಳು ಪ್ರಚೋದನೆ, ಪ್ರತಿಕ್ರಿಯೆಗಳನ್ನು ಮಾತ್ರ ಅಳೆಯುತ್ತಿದ್ದರು. ಕಣ್ಣಿಗೆ ಕಾಣದ ಮನಸ್ಸಿನ ಒಳವ್ಯಾಪಾರವನ್ನು ಕುರಿತು ಮಾತನಾಡಲು ಹಿಂಜರಿಯುತ್ತಿದ್ದರು. ಒಳಗಣ ಕ್ರಿಯೆಯನ್ನೂ ಸ್ಪಷ್ಟವಾಗಿ ವರ್ಣಿಸಬಹುದು, ಅದು ಭೌತವಸ್ತುವಿನಲ್ಲಿ ನಡೆಯಲೂಬಹುದು ಎಂಬ ಧೈರ್ಯವನ್ನು ಗಣಕಯಂತ್ರವು ತಂದುಕೊಟ್ಟಿತು. ಇದು ಸಣ್ಣ ಉಪಕಾರವಲ್ಲ.

ವೇಗದ ಲೆಕ್ಕ

ಆದರೆ ಭೌತವಿಜ್ಞಾನದ ವಿದ್ಯಾರ್ಥಿಗಳಾದ ನಾವು ಯಾವ ಹೋಲಿಕೆಯನ್ನೂ ಅಳತೆಯಿಲ್ಲದೆ ಒಪ್ಪಲಾಗದು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶವು ಹರಿಯುವ ವೇಗವನ್ನು ಅಳೆದನು. ಅದು ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಕಂಡುಬಂದಿತು. ಮನುಷ್ಯನ ಅತ್ಯಂತ ವೇಗದ ನರಗಳಲ್ಲಿಯೂ ಅದು ಸೆಕೆಂಡಿಗೆ ಸುಮಾರು 120 ಮೀಟರನ್ನು ಮೀರದು. ಒಂದು ನರಕೋಶವು ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು ಬಾರಿ ಮಿಡಿಯಬಲ್ಲದು. ನಮ್ಮ ಮೇಜಿನ ಮೇಲಿನ ಸಾಧಾರಣ ಗಣಕಯಂತ್ರದ ಗಡಿಯಾರವಾದರೋ ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ.

ಪರಿಚಿತನ ಮುಖವನ್ನು ಗುರುತಿಸಲು ನಮಗೆ ಅರ್ಧ ಸೆಕೆಂಡೂ ಬೇಕಾಗುವುದಿಲ್ಲ. ಒಂದೊಂದು ಹೆಜ್ಜೆಗೆ ಕೆಲವು ಮಿಲಿಸೆಕೆಂಡುಗಳು ಬೇಕೆಂದರೆ, ಒಂದರ ಹಿಂದೆ ಒಂದರಂತೆ ಸುಮಾರು ನೂರು ಹೆಜ್ಜೆಗಳಿಗೆ ಮಾತ್ರ ಅಲ್ಲಿ ಅವಕಾಶ. ಸಾಲಾಗಿ ಕೆಲಸ ಮಾಡುವ ಯಂತ್ರವು ನೂರೇ ಹೆಜ್ಜೆಗಳಲ್ಲಿ ಮುಖವನ್ನು ಗುರುತಿಸಲಾರದು. ಆದುದರಿಂದ ಮಿದುಳು ಒಂದು ಕೆಲಸ ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕುವ ಯಂತ್ರವಲ್ಲವೆಂಬುದು ಸ್ಪಷ್ಟ. ಅದರಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಅಸಂಖ್ಯಾತವಾದುವು ಏಕಕಾಲದಲ್ಲಿ ದುಡಿಯುತ್ತವೆ. ಇಷ್ಟಕ್ಕೆಲ್ಲ ಅದು ಬಳಸುವ ಶಕ್ತಿ ಸುಮಾರು 20 ವಾಟ್. ಹಳೆಯ ಕಾಲದ ಮನೆಯ ಬಲ್ಬಿಗೂ ಅದು ಸಾಲದು. ಗಣಕಯಂತ್ರದ ರಚನೆಯನ್ನು ರೂಪಿಸಿದವರಲ್ಲಿ ಪ್ರಮುಖನಾದ ಫಾನ್ ನಾಯ್‌ಮನ್ನನೇ ಈ ಭೇದವನ್ನು ಎತ್ತಿತೋರಿಸಿದನು. ಅವನು ತೀರಿಕೊಂಡ ಮರುವರ್ಷ, 1958ರಲ್ಲಿ, ಪ್ರಕಟವಾದ ಅವನ ಕಿರುಪುಸ್ತಕದ ವಿಷಯವೇ ಗಣಕಯಂತ್ರ ಮತ್ತು ಮಿದುಳು.

ನೆನಪು ಉಗ್ರಾಣವಲ್ಲ

ಎರಡನೆಯ ಭೇದವು ನೆನಪಿಗೆ ಸಂಬಂಧಿಸಿದುದು. ಗಣಕಯಂತ್ರದಲ್ಲಿ ಉಗ್ರಾಣವೇ ಬೇರೆ, ಕೆಲಸದ ಮನೆಯೇ ಬೇರೆ. ಇಟ್ಟ ಮಾಹಿತಿ ಇಟ್ಟಂತೆಯೇ ಮರಳಿ ಬರುತ್ತದೆ. ಮನುಷ್ಯನ ನೆನಪು ಹಾಗಲ್ಲ. ಕೇಂಬ್ರಿಜ್‌ನ ಬಾರ್ಟ್‌ಲೆಟ್ ಎಂಬ ಮನೋವಿಜ್ಞಾನಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಂದ ಓದಿಸಿ, ಕೆಲವು ಕಾಲದ ಬಳಿಕ ಹೇಳಿಸಿದನು. ಹೇಳುವವರು ತಮಗೆ ಅಪರಿಚಿತವಾದ ವಿವರಗಳನ್ನು ಕೈಬಿಟ್ಟು, ಕಥೆಯನ್ನು ತಮ್ಮ ನಾಡಿನ ರೂಢಿಗೆ ಒಪ್ಪುವಂತೆ ತಿದ್ದಿಕೊಂಡಿದ್ದರು. ಈ ಪ್ರಯೋಗಗಳನ್ನು 1932ರಲ್ಲಿ ಪ್ರಕಟಿಸಿದ ಅವನು, ನೆನಪಿಸಿಕೊಳ್ಳುವುದೆಂದರೆ ಮರಳಿ ಕಟ್ಟುವುದು ಎಂದು ತೀರ್ಮಾನಿಸಿದನು.

ಇದಕ್ಕೆ ಕಾರಣವನ್ನು ಮಿದುಳಿನ ರಚನೆಯಲ್ಲಿಯೇ ಹುಡುಕಬೇಕು. ಒಟ್ಟಿಗೆ ಕೆಲಸ ಮಾಡುವ ನರಕೋಶಗಳ ನಡುವಣ ಸಂಧಿಯು ಬಲಗೊಳ್ಳುತ್ತದೆ ಎಂದು 1949ರಲ್ಲಿ ಕೆನಡದ ಡೊನಾಲ್ಡ್ ಹೆಬ್ ಊಹಿಸಿದನು. ಸಂಧಿಗಳು ಹೀಗೆ ಬಹುಕಾಲ ಬಲಗೊಂಡಿರುವುದನ್ನು 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ಅಳೆದು ತೋರಿಸಿದರು. ಕೆಲಸ ಮಾಡುವ ಸಂಧಿಯೇ ನೆನಪನ್ನೂ ಹೊತ್ತಿರುವುದರಿಂದ, ಹೊಸತನ್ನು ಕಲಿತಾಗ ಯಂತ್ರವೇ ಬದಲಾಗುತ್ತದೆ.

ವಾದಿಗಳ ಉತ್ತರ

ಈ ವಾದದ ಪಕ್ಷದವರು ಇಷ್ಟಕ್ಕೆ ಸೋಲೊಪ್ಪುವುದಿಲ್ಲ. ಬಲಗೊಳ್ಳುವ ಸಂಧಿಗಳ ಜಾಲವನ್ನೂ ಗಣಕಯಂತ್ರದಲ್ಲಿ ಗಣಿಸಬಹುದಷ್ಟೆ ಎನ್ನುತ್ತಾರೆ. ಅದು ನಿಜ. ಅಂತಹ ಕೃತಕ ನರಜಾಲಗಳಿಗೆ ತಳಹದಿ ಹಾಕಿದ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನವೇ ಸಂದಿತು. ಇಂದು ಮಾತಿಗೆ ಮಾತು ಕೊಡುವ ಯಂತ್ರಗಳೂ ಇಂತಹ ಜಾಲಗಳೇ. ಆದರೆ ಗಣಿಸಬಹುದಾದುದೆಲ್ಲವೂ ಗಣಕಯಂತ್ರವಾಗುವುದಿಲ್ಲ. ಮುಂಗಾರಿನ ಚಲನೆಯನ್ನೂ ಯಂತ್ರದಲ್ಲಿ ಗಣಿಸುತ್ತಾರೆ. ಅದರಿಂದ ಆ ಕೋಣೆಯ ನೆಲ ತೋಯುವುದಿಲ್ಲ.

1980ರಲ್ಲಿ ಅಮೆರಿಕದ ತತ್ತ್ವಜ್ಞ ಜಾನ್ ಸರ್ಲ್ ಎತ್ತಿದ ಆಕ್ಷೇಪವೂ ಇಂತಹುದೇ. ಚೀನೀ ಭಾಷೆ ಬಾರದ ಒಬ್ಬನು ಮುಚ್ಚಿದ ಕೋಣೆಯಲ್ಲಿ ಕುಳಿತು, ನಿಯಮಗಳ ಪುಸ್ತಕವನ್ನು ನೋಡಿಕೊಂಡು ಚೀನೀ ಪ್ರಶ್ನೆಗಳಿಗೆ ಚೀನೀ ಅಕ್ಷರಗಳಲ್ಲಿಯೇ ಸರಿಯಾದ ಉತ್ತರಗಳನ್ನು ಹೊರಗೆ ಕಳುಹಿಸುತ್ತಾನೆಂದು ಭಾವಿಸೋಣ. ಅವನಿಗೆ ಚೀನೀ ತಿಳಿಯಿತೆನ್ನಬಹುದೇ? ಇಲ್ಲವೆಂದು ಸರ್ಲ್, ಅವನಿಗೆ ತಿಳಿಯದಿದ್ದರೂ ಪುಸ್ತಕ, ಕೋಣೆ ಎಲ್ಲ ಸೇರಿದ ಇಡೀ ವ್ಯವಸ್ಥೆಗೆ ತಿಳಿದಿದೆಯೆಂದು ಪ್ರತಿಪಕ್ಷದವರು. ಈ ವಿವಾದ ಇನ್ನೂ ಮುಗಿದಿಲ್ಲ.

ಆದುದರಿಂದ ಈ ವಾದವನ್ನು ತಳ್ಳಿಹಾಕುವುದೂ ಸಲ್ಲದು, ಕಣ್ಣುಮುಚ್ಚಿ ಒಪ್ಪುವುದೂ ಸಲ್ಲದು. ಹೋಲಿಕೆಯು ನಿಲ್ಲುವ ಕಡೆಯಲ್ಲಿ ಅದು ಮನಸ್ಸನ್ನು ವಿವರಿಸುತ್ತದೆ. ಮುರಿಯುವ ಕಡೆಯಲ್ಲಿ, ಏನನ್ನು ಹುಡುಕಬೇಕೆಂದು ತೋರಿಸುತ್ತದೆ. ವಿದ್ಯಾರ್ಥಿಗಳಿಗಂತೂ ಹೋಲಿಕೆ ಮುರಿಯುವ ಕಡೆಯೇ ಹೆಚ್ಚು ಮುಖ್ಯವಾದುದು. ತನ್ನ ತಲೆಯನ್ನು ಇಂತಿಷ್ಟೇ ಅಳತೆಯ ಉಗ್ರಾಣವೆಂದು ತಿಳಿದವನು, ಅದು ತುಂಬಿತೆಂದು ಪುಸ್ತಕವನ್ನು ಮುಚ್ಚಿಬಿಡುತ್ತಾನೆ. ತಾನು ಕಡಮೆ ದರ್ಜೆಯ ಯಂತ್ರವೆಂದು ಹತಾಶನಾಗುತ್ತಾನೆ. ಅಂಗಡಿಯಿಂದ ತಂದ ಯಂತ್ರವು ಎಷ್ಟು ಲೆಕ್ಕ ಮಾಡಿದರೂ ಅದರ ತಂತಿಗಳ ಜೋಡಣೆ ಮೊದಲಿದ್ದಂತೆಯೇ ಇರುತ್ತದೆ. ಆದರೆ ಕಷ್ಟಪಟ್ಟು ಒಂದು ಪ್ರಮೇಯವನ್ನು ಅರಿತುಕೊಂಡ ಹುಡುಗನ ಮಿದುಳು, ಅದನ್ನು ಅರಿಯುವ ಮೊದಲು ಇದ್ದ ಮಿದುಳಾಗಿ ಉಳಿದಿರುವುದಿಲ್ಲ ಎಂಬುದನ್ನು ನಾವು ಮರೆಯಬಾರದು.