ಮನೆಯವರು ಹೊರಗೆ ಹಾಕಿದ ಹುಡುಗ ನಿಮ್ಮ ಬಾಗಿಲಿಗೆ ಬಂದರೆ? ಮೊದಲ 24 ಗಂಟೆಯಲ್ಲಿ ಏನು ಮಾಡಬೇಕು, ಇಲ್ಲಿದೆ ಮಾಹಿತಿ

ತಿಪಟೂರು: ಒಂದು ಸಂದರ್ಭ ಅಂದುಕೊಳ್ಳಿ. ರಾತ್ರಿ ಒಂಬತ್ತೂವರೆ. ಅಂಗಡಿ ಬಾಗಿಲು ಹಾಕಿ, ಲೆಕ್ಕ ಮುಗಿಸಿ, ಮನೆಗೆ ಬಂದು ಊಟಕ್ಕೆ ಕೂತಿದ್ದೀರಿ. ಯಾರೋ ಬಾಗಿಲು ತಟ್ಟುತ್ತಾರೆ. ಪಿಯುಸಿ ಓದುತ್ತಿರುವ ನಿಮ್ಮ ಮಗ ಎದ್ದು ಹೋಗಿ ತನ್ನ ಕ್ಲಾಸಿನ ಹುಡುಗನೊಬ್ಬನನ್ನು ಒಳಗೆ ಕರ್ಕೊಂಡು ಬರ್ತಾನೆ. ಹೆಗಲಲ್ಲಿ ಕಾಲೇಜು ಬ್ಯಾಗು, ಕಾಲಲ್ಲಿ ಚಪ್ಪಲಿ ಇಲ್ಲ, ಒಂದು ಕೆನ್ನೆ ಊದಿದೆ. "ಅಪ್ಪಾ, ಇವತ್ತು ಇವ್ನು ಇಲ್ಲೇ ಮಲಗ್ಲಿ" ಅಂತಾನೆ ಮಗ.

ಬಂದ ಹುಡುಗನಿಗೆ ಹದಿನಾರು ವರ್ಷ. ತನಗೆ ಹುಡುಗಿಯರ ಮೇಲೆ ಮನಸ್ಸಾಗಲ್ಲ, ಹುಡುಗರ ಮೇಲೆ ಆಗುತ್ತೆ ಅಂತ ಅವತ್ತು ಸಂಜೆ ಮನೆಯಲ್ಲಿ ಬಾಯಿಬಿಟ್ಟಿದ್ದಾನೆ. ಅಪ್ಪ ಎರಡು ಬಾರಿಸಿ, "ಇನ್ನು ಈ ಹೊಸಿಲು ತುಳೀಬೇಡ" ಅಂತ ಬಾಗಿಲು ಹಾಕಿಕೊಂಡಿದ್ದಾರೆ. ಅಮ್ಮ ಒಳಗೆ ಅಳುತ್ತಾ ಕೂತಿದ್ದಾರೆ.

ಇದು ಉದಾಹರಣೆಗೆ ಹೇಳಿದ್ದು, ಯಾವುದೋ ಒಂದು ಮನೆಯ ಕಥೆಯಲ್ಲ. ಆದರೆ ಯಾವ ಊರಲ್ಲಾದರೂ, ಯಾವ ಬೀದಿಯಲ್ಲಾದರೂ ನಡೆಯಬಹುದಾದ್ದು. ಇಂಥ ಹೊತ್ತಲ್ಲಿ ಬಾಗಿಲು ತೆಗೆದವರಿಗೆ ತಲೆಯಲ್ಲಿ ನೂರು ಪ್ರಶ್ನೆ. ಇವನನ್ನು ಇಟ್ಕೊಂಡ್ರೆ ನಮ್ಮ ಮೇಲೆ ಕೇಸಾಗುತ್ತಾ? ಇದು ಕಾಯಿಲೆನಾ? ಅಪರಾಧನಾ? ನಮ್ಮ ಹುಡುಗನಿಗೂ ಹತ್ತಿಕೊಳ್ಳುತ್ತಾ? ಒಂದೊಂದಾಗಿ ನೋಡೋಣ.

ಮೊದಲು ಗೊತ್ತಾಗೋದು ಗೆಳೆಯನಿಗೆ

ಇಂಥ ಹುಡುಗರು ಮನೆಯವರಿಗೆ ಹೇಳುವ ಮೊದಲು ಒಬ್ಬ ಗೆಳೆಯನಿಗೋ ಗೆಳತಿಗೋ ಹೇಳಿರುವುದೇ ಹೆಚ್ಚು. ಹಾಗೆ ಹೇಳೋದಕ್ಕೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೊಳಗೇ ಒದ್ದಾಡಿರುತ್ತಾರೆ. ಕೇಳಿದ ಗೆಳೆಯ ನಕ್ಕರೆ, ಅಥವಾ ಮಾರನೇ ದಿನ ಕ್ಲಾಸ್ ಗ್ರೂಪಿಗೆ ಹಾಕಿದರೆ, ಆ ಹುಡುಗನಿಗೆ ಕಾಲೇಜೂ ಹೋಯಿತು, ಧೈರ್ಯವೂ ಹೋಯಿತು. ಗೆಳೆಯ "ಸರಿ ಬಿಡೋ, ನೀನು ನೀನೇ ತಾನೆ" ಅಂದು ಎಂದಿನಂತೆ ಪಕ್ಕದಲ್ಲಿ ಕೂತರೆ ಅಷ್ಟೇ ದೊಡ್ಡ ಆಸರೆ.

ಇದಕ್ಕೆ ಗೆಳೆಯನೂ ಬೆಲೆ ತೆರಬೇಕಾಗುತ್ತೆ. "ಅವನ ಜೊತೆ ಓಡಾಡ್ತೀಯಲ್ಲ, ನೀನೂ ಅವನ ಥರಾನೇನಾ?" ಅನ್ನೋ ಮಾತು ತಪ್ಪಲ್ಲ. ಹಿಂದಿನ ಬೆಂಚಿನಿಂದ 'ಒಂಬತ್ತು' ಅನ್ನೋ ಕೂಗು ಇಬ್ಬರಿಗೂ ಬೀಳುತ್ತೆ. ಅದನ್ನೆಲ್ಲ ಕೇಳಿಸಿಕೊಂಡೂ ಜೊತೆಗೆ ನಿಂತಿರೋ ಮಗ ಇವತ್ತು ಅವನನ್ನು ಮನೆಗೆ ಕರ್ಕೊಂಡು ಬಂದಿದ್ದಾನೆ ಅಂದ್ರೆ, ಅವನ ಕೈಲಾದಷ್ಟು ಅವನು ಮಾಡಿ ಆಗಿದೆ. ಇಲ್ಲಿಂದ ಮುಂದಕ್ಕೆ ಹದಿನಾರರ ಹುಡುಗನ ಕೈಲಿ ಆಗಲ್ಲ, ದೊಡ್ಡವರು ಬೇಕು.

ಸಲಿಂಗಿ ಅಂದ್ರೆ ಏನು?

ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಪ್ರೀತಿ, ಆಕರ್ಷಣೆ ಆಗುವವರನ್ನು ಸಲಿಂಗಿಗಳು ಅಂತಾರೆ. ಹುಡುಗರಾದರೆ 'ಗೇ' ಅನ್ನೋ ಮಾತು ಈಗ ಬಳಕೆಯಲ್ಲಿದೆ. ಹುಟ್ಟಿನಿಂದ ಗಂಡು ಅನಿಸಿಕೊಂಡರೂ ಒಳಗೆ ತಾನು ಹೆಣ್ಣು ಅಂತ ಅನುಭವಿಸುವವರು ಬೇರೆ, ಅವರು ಲಿಂಗತ್ವ ಅಲ್ಪಸಂಖ್ಯಾತರು. ನಮ್ಮ ಕಡೆ ಮಂಗಳಮುಖಿಯರು ಅಂತ ಕರೆಯೋದು ಅವರಲ್ಲಿ ಒಂದು ಸಮುದಾಯವನ್ನು. ಊರಲ್ಲಿ ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಗೇ ಹುಡುಗ ಹುಡುಗನೇ, ತಾನು ಹುಡುಗ ಅನ್ನೋದರಲ್ಲಿ ಅವನಿಗೆ ಗೊಂದಲ ಇರಲ್ಲ.

ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತನ್ನ ರೋಗಗಳ ಪಟ್ಟಿಯಿಂದ ಇದನ್ನು ತೆಗೆದುಹಾಕಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಮಾನಸಿಕ ರೋಗವಲ್ಲ ಅಂತ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಸಮಾಜದ ರೀತಿ ರಿವಾಜಿಗೆ ಒಬ್ಬ ಹೊಂದಿಕೊಳ್ಳಲಿಲ್ಲ ಅನ್ನೋ ಕಾರಣಕ್ಕೆ ಅವನಿಗೆ ಮಾನಸಿಕ ಕಾಯಿಲೆ ಇದೆ ಅನ್ನೋ ಹಾಗಿಲ್ಲ. ಕಾಯಿಲೆಯೇ ಅಲ್ಲದ ಮೇಲೆ ಗೆಳೆಯನಿಗೆ ಹತ್ತಿಕೊಳ್ಳುವ ಮಾತೇ ಬರಲ್ಲ.

ಇದು ಅಪರಾಧ ಅಲ್ವಾ?

ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿ 377ನೇ ಕಲಂ ಇತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿತು. ಒಬ್ಬನ ಮನಸ್ಸು ಯಾರ ಕಡೆ ವಾಲುತ್ತೆ ಅನ್ನೋದು, ಅದನ್ನು ಹೇಳಿಕೊಳ್ಳೋದು, ಯಾವ ವಯಸ್ಸಿನಲ್ಲೂ ಅಪರಾಧವಲ್ಲ.

ಒಂದು ಎಚ್ಚರಿಕೆ ಮಾತ್ರ ಇರಲಿ. 18 ತುಂಬದವರ ಜೊತೆ ಲೈಂಗಿಕ ಸಂಬಂಧ ಪೋಕ್ಸೊ ಕಾಯ್ದೆ ಅಡಿ ಅಪರಾಧ. ಹುಡುಗ ಹುಡುಗಿ ಇರಲಿ, ಹುಡುಗ ಹುಡುಗ ಇರಲಿ, 'ಅವರೇ ಒಪ್ಪಿದ್ರು' ಅನ್ನೋ ಮಾತು ಅಲ್ಲಿ ನಡೆಯಲ್ಲ. ಇದು ಹುಡುಗರಿಗೂ ಗೊತ್ತಿರಬೇಕು. ಸಲಿಂಗಿಗಳ ಮದುವೆಗೆ ಸದ್ಯ ನಮ್ಮಲ್ಲಿ ಕಾನೂನಿನ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿದೆ.

ಮಗನನ್ನು ಮನೆಯಿಂದ ಹೊರಗೆ ಹಾಕಬಹುದಾ?

18 ತುಂಬದ ಮಗನನ್ನು ಹಾಗೆ ಹಾಕುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಪ್ರಕಾರ, ಮಗುವನ್ನು ನೋಡಿಕೊಳ್ಳಬೇಕಾದವರೇ ಅದನ್ನು ಹೊಡೆದು ಬಡಿದು ಹಿಂಸಿಸಿದರೆ ಅಥವಾ ಬೇಕಂತಲೇ ಬೀದಿಗೆ ಬಿಟ್ಟರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಈ ಕಾಯ್ದೆಯಲ್ಲಿ ಮಗು ಅಂದ್ರೆ 18 ತುಂಬದ ಎಲ್ಲರೂ. ಮೀಸೆ ಬಂದಿದೆ ಅಂತ ಲೆಕ್ಕ ಬದಲಾಗಲ್ಲ. ಅಷ್ಟೇ ಅಲ್ಲ, ತನ್ನನ್ನು ತಾನು ಸಾಕಿಕೊಳ್ಳಲಾಗದ ಅಪ್ರಾಪ್ತ ಮಗನ ಜೀವನಾಂಶವನ್ನು ತಂದೆ ಕೊಡಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಹೇಳುತ್ತದೆ.

"ಪೇಪರ್‌ನಲ್ಲಿ ಜಾಹೀರಾತು ಕೊಟ್ಟು ಸಂಬಂಧ ಕಡಿದುಕೊಂಡ್ರೆ ಆಯ್ತಲ್ಲ" ಅನ್ನುವವರಿದ್ದಾರೆ. ಗುಜರಾತಿನ ರಾಜಪೀಪಳಾ ರಾಜಮನೆತನದ ಮಾನವೇಂದ್ರ ಸಿಂಗ್ ಗೋಹಿಲ್ ತಾವು ಸಲಿಂಗಿ ಅಂತ 2006ರಲ್ಲಿ ಹೇಳಿಕೊಂಡಾಗ ಅವರ ಮನೆಯವರು ಮಾಡಿದ್ದೂ ಇದನ್ನೇ. ಮಗನೇ ಅಲ್ಲ ಅಂತ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಅರಮನೆಯಲ್ಲೂ ಹೀಗೇ ನಡೆದಿದೆ ಅಂದ್ರೆ ಜನರ ಬಾಯಿಗೆ ಹೆದರುವುದರಲ್ಲಿ ದೊಡ್ಡ ಮನೆ, ಸಣ್ಣ ಮನೆ ಅಂತ ವ್ಯತ್ಯಾಸ ಇಲ್ಲ. ಆದರೆ ಕಾನೂನಿನ ಮಟ್ಟಿಗೆ, ಅಪ್ರಾಪ್ತ ಮಗನನ್ನು ಸಾಕುವ ಹೊಣೆ ಜಾಹೀರಾತಿನಿಂದ ಇಳಿಯಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬಂದ ಪಾಲೂ ಹೋಗಲ್ಲ. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬರೆಯಬೇಕು ಅನ್ನೋದು ಮಾತ್ರ ಅಪ್ಪನ ಇಷ್ಟ.

ಮೊದಲ 24 ಗಂಟೆ: ಏನು ಮಾಡಬೇಕು?

ಬಾಗಿಲು ತೆಗೆದವರ ದೊಡ್ಡ ಭಯ ಇಲ್ಲೇ ಇರೋದು. "ನಾಳೆ ಅವರಪ್ಪ ಬಂದು ನಮ್ಮ ಮೇಲೇ ಕಿಡ್ನ್ಯಾಪ್ ಕೇಸ್ ಹಾಕಿದ್ರೆ?" ಈ ಭಯ ಸುಳ್ಳಲ್ಲ. 18 ತುಂಬದವರನ್ನು ಪೋಷಕರ ವಶದಿಂದ ಕರೆದೊಯ್ದರು ಅಥವಾ ಪುಸಲಾಯಿಸಿದರು ಅಂತ ದೂರು ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಹಾಗಂತ ಹುಡುಗನನ್ನು ಬಸ್ ಸ್ಟ್ಯಾಂಡಿಗೆ ಕಳಿಸಬೇಕಿಲ್ಲ. ಒಂದು ಫೋನ್ ಕರೆ ಅವನನ್ನೂ ಕಾಯುತ್ತೆ, ನಿಮ್ಮನ್ನೂ ಕಾಯುತ್ತೆ.

* ಊಟ, ನೀರು, ಮಲಗೋಕೆ ಜಾಗ. ಮೊದಲು ಇಷ್ಟು. ವಿಚಾರಣೆ ಬೇಡ, ಬುದ್ಧಿಮಾತು ಬೇಡ. ಗಾಯ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಯಾರು ಹೊಡೆದರು ಅನ್ನೋದನ್ನು ದಾಖಲೆಯಲ್ಲಿ ಬರೆಸಿ.

* ರಾತ್ರಿ ಒಬ್ಬನನ್ನೇ ಬಿಡಬೇಡಿ. ಸಾಯೋ ಮಾತಾಡಿದರೆ ಹಗುರವಾಗಿ ತಗೋಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ 112.

* 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ. ಮನೆಯವರು ಕೈಬಿಟ್ಟ ಹಾಗೆ ಕಾಣುವ, ಅಥವಾ ಹಾಗಂತ ತಾನೇ ಹೇಳುವ ಮಗು ಸಿಕ್ಕಿದರೆ 24 ಗಂಟೆಯೊಳಗೆ ಸಹಾಯವಾಣಿಗೋ, ಹತ್ತಿರದ ಠಾಣೆಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು ಅನ್ನುತ್ತೆ ಬಾಲನ್ಯಾಯ ಕಾಯ್ದೆಯ 32ನೇ ಕಲಂ. ತಿಳಿಸದಿದ್ದರೆ ಅದೇ ತಪ್ಪಾಗುತ್ತೆ, 6 ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಕರೆ ಮಾಡಿದ ಸಮಯ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ.

* "ಮನೆಯಿಂದ ಹೊರಗೆ ಹಾಕಿದ್ದಾರೆ, ಹೊಡೆದಿದ್ದಾರೆ" ಅಂತ ಹೇಳಿದರೆ ಸಾಕು. ಯಾಕೆ ಹಾಕಿದರು ಅನ್ನೋದನ್ನು ಹೇಳೋದು ಬಿಡೋದು ಹುಡುಗನ ಇಷ್ಟ. ಅವನನ್ನು ಕೇಳದೆ ನೀವು ಹೇಳಬೇಡಿ.

* ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು. ಮನೆಯಲ್ಲೇ ಉಳಿದಿದ್ದರೆ, ಫೋನಿನಲ್ಲಿ ಫೋಟೊ ಇದೆಯಾ ನೋಡಿ.

* ಬೀದಿಯ ವಾಟ್ಸಾಪ್ ಗ್ರೂಪಿಗೆ ಒಂದು ಅಕ್ಷರವೂ ಹೋಗಬಾರದು. ಸಮಿತಿಯ ಮುಂದಿರುವ ಮಗುವಿನ ಹೆಸರು, ವಿಳಾಸ, ಶಾಲೆ ಬಹಿರಂಗ ಮಾಡೋದು 74ನೇ ಕಲಂ ಪ್ರಕಾರ ಶಿಕ್ಷಾರ್ಹ.

ಸಮಿತಿ ಏನು ಮಾಡುತ್ತೆ?

ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇರುತ್ತೆ. ನಮಗೆ ಅಂದ್ರೆ ತುಮಕೂರು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ. ಹುಡುಗನ ಮಾತು ಕೇಳಿ, ಅಪ್ಪ ಅಮ್ಮನನ್ನು ಕರೆಸಿ, ಮನೆ ಅವನಿಗೆ ಸುರಕ್ಷಿತವೇ ಅಂತ ವಿಚಾರಿಸುತ್ತೆ. ಸುರಕ್ಷಿತ ಅನಿಸಿದರೆ ಮನೆಗೆ ಕಳಿಸುತ್ತೆ.

ಇಲ್ಲ ಅನಿಸಿದರೆ ಬಾಲಮಂದಿರ ಒಂದೇ ದಾರಿ ಅಂದುಕೊಳ್ಳಬೇಡಿ. 'ಯೋಗ್ಯ ವ್ಯಕ್ತಿ' ಅಂತ ಗುರುತಿಸಿದವರ ಬಳಿ ಸ್ವಲ್ಪ ಕಾಲ ಇರಿಸುವ ಅಧಿಕಾರವೂ ಸಮಿತಿಗಿದೆ. "ಪರೀಕ್ಷೆ ಮುಗಿಯೋವರೆಗೆ ನಮ್ಮ ಮನೇಲಿ ಇರ್ಲಿ" ಅಂತ ಗೆಳೆಯನ ಅಪ್ಪ ಅಮ್ಮ ಸಮಿತಿಯ ಮುಂದೆ ಕೇಳಿಕೊಳ್ಳಬಹುದು. ಒಪ್ಪೋದು ಬಿಡೋದು ಸಮಿತಿಗೆ ಸೇರಿದ್ದು. ವಕೀಲರು ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇದೆ, ಫೋನ್ 15100. ಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತೆ.

ಹುಡುಗನಿಗೆ 18 ತುಂಬಿದ್ದರೆ ಲೆಕ್ಕವೇ ಬೇರೆ. ಎಲ್ಲಿರಬೇಕು ಅನ್ನೋದು ಅವನ ತೀರ್ಮಾನ. ಮನೆಯವರು ಕಾಣೆಯಾಗಿದ್ದಾನೆ ಅಂತ ದೂರು ಕೊಟ್ಟರೂ, ಠಾಣೆಗೆ ಹೋಗಿ 'ನನ್ನಿಷ್ಟದಿಂದ ಬಂದಿದ್ದೀನಿ' ಅಂತ ಹೇಳಿಕೆ ಕೊಡಬಹುದು. ಇಂಥ ಪ್ರಕರಣ ಕೋರ್ಟಿಗೆ ಬಂದಾಗ ಕೌನ್ಸೆಲಿಂಗ್ ಹೆಸರಲ್ಲಿ ಮನಸ್ಸು ಬದಲಾಯಿಸುವ ಒತ್ತಡ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೈಕೋರ್ಟ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ.

'ಸರಿ ಮಾಡ್ತೀವಿ' ಅನ್ನೋರ ಬಗ್ಗೆ ಹುಷಾರ್

ಮನೆಯವರು ಗಾಬರಿಯಲ್ಲಿ ಮೊದಲು ಓಡೋದು ತಾಯತ ಕಟ್ಟುವವರ ಹತ್ತಿರ, ಇಲ್ಲಾ ಇಂಜೆಕ್ಷನ್ ಕೊಟ್ಟು 'ಸರಿ ಮಾಡ್ತೀನಿ' ಅನ್ನುವವರ ಹತ್ತಿರ. ದುಡ್ಡು ಹೋಗುತ್ತೆ, ಹುಡುಗನ ಆರೋಗ್ಯ ಹಾಳಾಗುತ್ತೆ, ಬದಲಾಗೋದು ಏನೂ ಇಲ್ಲ. ಇಂಥ 'ಚಿಕಿತ್ಸೆ' ಕೊಡುವ ವೈದ್ಯರದ್ದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಅದಕ್ಕೆ ಹಿಂದೆ ನಡೆದದ್ದು ಗೊತ್ತಿರಲಿ. ಮನೆಯವರ ವಿರೋಧಕ್ಕೆ ಹೆದರಿ ಮಧುರೈ ಬಿಟ್ಟು ಚೆನ್ನೈಗೆ ಬಂದ ಇಬ್ಬರು ಯುವತಿಯರು ಮದ್ರಾಸ್ ಹೈಕೋರ್ಟ್ ಮೊರೆ ಹೋಗಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಈ ವಿಷಯ ತಮಗೆ ಸರಿಯಾಗಿ ಗೊತ್ತಿಲ್ಲ ಅಂತ ಒಪ್ಪಿಕೊಂಡು, ಮೊದಲು ತಾವೇ ಮನಶ್ಶಾಸ್ತ್ರಜ್ಞರ ಬಳಿ ಹೋಗಿ ಕೂತು ತಿಳಿದುಕೊಂಡರು. ಆಮೇಲೆ 2021ರ ಜೂನ್‌ನಲ್ಲಿ, ಹೀಗೆ 'ಸರಿ ಮಾಡುವ' ಯತ್ನಗಳನ್ನು ನಿಷೇಧಿಸಬೇಕು ಅಂತ ಆದೇಶ ಕೊಟ್ಟರು. ಹೈಕೋರ್ಟ್ ನ್ಯಾಯಮೂರ್ತಿಯೇ ಕೇಳಿ ತಿಳಿದುಕೊಂಡ ಮೇಲೆ, ನಾವು ನೀವು ಕೇಳೋದರಲ್ಲಿ ಅವಮಾನ ಏನೂ ಇಲ್ಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಿಚಾರಿಸಿ, ಅಪ್ಪ ಅಮ್ಮನೂ ಹೋಗಿ ಮಾತಾಡಬಹುದು.

"ಒಂದು ಮದುವೆ ಮಾಡಿದ್ರೆ ಎಲ್ಲಾ ಸರಿ ಹೋಗುತ್ತೆ" ಅನ್ನೋದು ಇನ್ನೊಂದು ಮಾತು. ಗಂಡಿಗೆ 21 ತುಂಬುವ ಮೊದಲು ಮದುವೆ ಮಾಡೋದು ಕಾನೂನುಬಾಹಿರ. ತುಂಬಿದ ಮೇಲೆ ಒತ್ತಾಯಕ್ಕೆ ಮಾಡಿದರೂ ಸರಿ ಹೋಗೋದು ಏನೂ ಇಲ್ಲ, ಏನೂ ಅರಿಯದ ಇನ್ನೊಂದು ಮನೆಯ ಹೆಣ್ಣುಮಗಳ ಬಾಳೂ ಅದರಲ್ಲಿ ಸಿಕ್ಕಿಕೊಳ್ಳುತ್ತೆ.

ಅಂಗಡಿಯವರ ಗಮನಕ್ಕೆ

ಮನೆ ಬಿಟ್ಟ ಹುಡುಗರು ಕೆಲಸ ಕೇಳಿಕೊಂಡು ಮೊದಲು ಬರೋದು ಹೋಟೆಲ್, ಬೇಕರಿ, ಕೊಬ್ಬರಿ ಅಂಗಡಿ, ಗ್ಯಾರೇಜಿಗೆ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. 14ರಿಂದ 18ರವರನ್ನೂ ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ, ಸಂಜೆ 7ರಿಂದ ಬೆಳಗ್ಗೆ 8ರವರೆಗೆ ದುಡಿಸುವಂತಿಲ್ಲ. ಊಟ ಹಾಕಿ, ಕೂರಿಸಿ, 1098ಕ್ಕೆ ಫೋನ್ ಮಾಡಿ. ಇಲ್ಲಿಂದ ಬೆಂಗಳೂರಿನ ರೈಲು ಹತ್ತಿದ ಮೇಲೆ ಆ ಹುಡುಗ ಯಾರ ಕೈಗೆ ಸಿಗ್ತಾನೆ ಅಂತ ಹೇಳೋಕಾಗಲ್ಲ.

ಆ ಅಪ್ಪ ಅಮ್ಮನ ಬಗ್ಗೆಯೂ ಒಂದು ಮಾತು

ಬಾಗಿಲು ಹಾಕಿಕೊಂಡ ಅಪ್ಪ ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಜನ ಏನಂತಾರೆ, ಮಗಳ ಮದುವೆ ಏನಾಗುತ್ತೆ, ನಾಳೆ ಅಂಗಡಿ ಮುಂದೆ ಯಾರು ಏನು ಆಡಿಕೊಳ್ತಾರೆ ಅನ್ನೋ ಭಯ ಅವರ ಕೈಲಿ ಅದನ್ನು ಮಾಡಿಸಿರುತ್ತೆ. ಆ ಸಿಟ್ಟಲ್ಲಿ ಆಡಿದ ಮಾತೇ ಕೊನೆ ಮಾತಾಗಬೇಕಿಲ್ಲ. ಸಿಟ್ಟು ಇಳಿಯೋದಕ್ಕೆ ದಿನಗಳು ಬೇಕು, ಅಷ್ಟು ದಿನ ಹುಡುಗ ಜೀವಂತವಾಗಿ, ಕಾಲೇಜು ಬಿಡದೆ ಇರಬೇಕು. ಗೆಳೆಯನ ಮನೆಯವರು ಮಾಡಿಕೊಡಬಹುದಾದ್ದು ಇಷ್ಟನ್ನೇ. ಅವರ ಜೊತೆ ಜಗಳಕ್ಕೆ ಹೋಗಬೇಡಿ. ಕರೆ ಮಾಡಿದ ಮೇಲೆ, ಸಹಾಯವಾಣಿಯವರನ್ನು ಕೇಳಿಕೊಂಡು, "ನಿಮ್ಮ ಹುಡುಗ ಕ್ಷೇಮವಾಗಿದ್ದಾನೆ" ಅನ್ನೋ ಒಂದು ಮಾತು ಆ ತಾಯಿಗೆ ಮುಟ್ಟಿಸಿ. ಅವರಿಗೂ ಅವತ್ತು ನಿದ್ದೆ ಬಂದಿರಲ್ಲ.

ನೆನಪಿರಲಿ: ಮಕ್ಕಳ ಸಹಾಯವಾಣಿ 1098 | ತುರ್ತು ನೆರವು 112 | ಟೆಲಿ ಮಾನಸ್ 14416 | ಉಚಿತ ಕಾನೂನು ನೆರವು 15100