ಮೂಕಚಿತ್ರ: ಹಣ ಯಾರದು, ಹಕ್ಕು ಯಾರದು?

ಸಿರುಗುಪ್ಪ, ಕುರುಗೋಡಿನ ಕಡೆ ಬಯಲಾಟ ಆಡಿಸಬೇಕೆಂದರೆ ಊರವರು ಪಟ್ಟಿ ಎತ್ತುತ್ತಾರೆ. ಮಾಸ್ತರರಿಗೆ, ವೇಷಭೂಷಣಕ್ಕೆ ಮಾಡಿದ ಖರ್ಚು ಮರಳಿ ಬರಬೇಕೆಂದು ಯಾರೂ ಎಣಿಸುವುದಿಲ್ಲ. ಸಿನಿಮಾ ಹಾಗಲ್ಲ. ಹಾಕಿದ ಬಂಡವಾಳ ಊರೂರು ತಿರುಗಿ ಹಿಂದಿರುಗಬೇಕು. ಜರ್ಮನಿಯ ಮೂಕಚಿತ್ರೋದ್ಯಮ ಈ ಲೆಕ್ಕವನ್ನು ಪೆಟ್ಟು ತಿಂದೇ ಕಲಿಯಿತು.

ಅಲ್ಲಿ ಮೊದಮೊದಲು ಚಿತ್ರದ ಸುರುಳಿಗಳು ಬಟ್ಟೆಯಂತೆ ಮೀಟರ್ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದವು. ಕೊಂಡವರು ಸವೆಯುವ ತನಕ ತೋರಿಸಿ, ಮುಂದಿನವರಿಗೆ ಮಾರುತ್ತಿದ್ದರು. ತಯಾರಕರಿಗೆ ಆಮೇಲೆ ಬಿಡಿಗಾಸೂ ಇಲ್ಲ. 1910ರ ಸುಮಾರಿಗೆ ಒಂದು ಪ್ರದೇಶದ ಪ್ರದರ್ಶನದ ಹಕ್ಕನ್ನು ಒಬ್ಬರಿಗೇ ಕೊಡುವ ಪದ್ಧತಿ ಬಂದಿತು. ಹಕ್ಕು ಪಡೆಯಲು ಹಂಚಿಕೆದಾರರು ಮುಂಗಡ ಕೊಡತೊಡಗಿದರು. ಅದರಿಂದ ದೊಡ್ಡ ಚಿತ್ರಗಳನ್ನು ತೆಗೆಯುವ ಧೈರ್ಯ ಬಂದಿತು. 1917ರಲ್ಲಿ ಸರ್ಕಾರ ಮತ್ತು ಬ್ಯಾಂಕುಗಳ ಬೆಂಬಲದಿಂದ 2.5 ಕೋಟಿ ಮಾರ್ಕ್ ಬಂಡವಾಳದ ಉಫಾ ಸಂಸ್ಥೆ ಹುಟ್ಟಿತು.

ಯುದ್ಧಾನಂತರ ಮಾರ್ಕಿನ ಬೆಲೆ ಕುಸಿದಾಗ ಜರ್ಮನ್ ಚಿತ್ರಗಳು ಹೊರದೇಶಗಳಿಗೆ ಅಗ್ಗವಾಗಿ ಹೋದವು. ನಾಣ್ಯ ಸ್ಥಿರಗೊಂಡೊಡನೆ ಆ ಅನುಕೂಲ ತಪ್ಪಿ, ಹಾಲಿವುಡ್ಡಿನ ಪೈಪೋಟಿ ಬಿಗಿಯಾಯಿತು. ಹಿಮಾಂಶು ರಾಯ್ ಮ್ಯೂನಿಕ್ಕಿನ ಎಮೆಲ್ಕಾ ಸಂಸ್ಥೆಯ ಬಾಗಿಲು ತಟ್ಟಿದ್ದು ಇದೇ ಕಾಲದಲ್ಲಿ. ಕ್ಯಾಮೆರಾ, ತಂತ್ರಜ್ಞರು, ನಿರ್ದೇಶಕ ಫ್ರಾಂಜ್ ಆಸ್ಟೆನ್ ಜರ್ಮನಿಯಿಂದ. ಕಥೆ, ನಟರು, ಬಂಡವಾಳ ಭಾರತದಿಂದ. ಯುರೋಪಿನ ಹಕ್ಕು ಅವರಿಗೆ, ಭಾರತದ ಹಕ್ಕು ಇವರಿಗೆ. ಬುದ್ಧನ ಕಥೆಯ ‘ಪ್ರೇಮ್ ಸನ್ಯಾಸ್’ (1925) ಹೀಗೆ ತಯಾರಾಯಿತು.

ಉಫಾದಲ್ಲಿ ತರಬೇತಿ ಪಡೆದಿದ್ದ ಮೋಹನ್ ಭವನಾನಿ, ಕೈಲಾಸಂ ಹಾಗೂ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಸೇರಿಸಿಕೊಂಡು ‘ವಸಂತಸೇನಾ’ ತೆಗೆದರು. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಸಾಲುಸಾಲಾಗಿ ಮೂಕಚಿತ್ರಗಳನ್ನು ಹೊರತಂದಿತು. ನಡುನಡುವಿನ ಬರಹದ ಫಲಕಗಳನ್ನು ಬದಲಿಸಿದರೆ ಸಾಕು, ಅದೇ ಚಿತ್ರ ಯಾವ ಸೀಮೆಯಲ್ಲೂ ಓಡುತ್ತಿತ್ತು.

1931ರಲ್ಲಿ ‘ಆಲಂ ಆರಾ’ ಮಾತನಾಡಿತು. ಅಲ್ಲಿಂದ ಭಾಷೆಯೇ ಮಾರುಕಟ್ಟೆಯ ಗಡಿಯಾಯಿತು. ಬೆಂಗಳೂರಿನ ಮೂಕಚಿತ್ರಗಳ ವ್ಯಾಪಾರ ಮುಗಿಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದಲ್ಲಿ. ಕನ್ನಡ, ತೆಲುಗು ಎರಡೂ ಬೆರೆತ ಬಳ್ಳಾರಿಗೂ ಈ ಗಡಿಯ ಬಿಸಿ ತಟ್ಟಿತು. ಇಲ್ಲಿನ ವಕೀಲ, ಹೆಸರಾಂತ ರಂಗನಟ ರಾಘವ ಅವರು 1936ರಲ್ಲಿ ದುರ್ಯೋಧನನಾಗಿ ತೆರೆಗೆ ಬಂದರು. ಆ ಚಿತ್ರ ‘ದ್ರೌಪದೀ ಮಾನಸಂರಕ್ಷಣಂ’ ತೆಲುಗಿನದು. ಮಾತಿಲ್ಲದ ಚಿತ್ರಕ್ಕೆ ಎಲ್ಲ ಊರೂ ತನ್ನದಾಗಿತ್ತು. ಮಾತು ಬಂದ ಮೇಲೆ ಪ್ರತಿ ಚಿತ್ರವೂ ತನ್ನ ಊರನ್ನು ಹುಡುಕಿಕೊಳ್ಳಬೇಕಾಯಿತು.