ನಿಮಗಿದು ಗೊತ್ತೇ? ಪರರ ಸಾಲಿಗೆ ನಮ್ಮ ಹೆಸರು!

ಕೃತಿಚೌರ್ಯ ಇಂಟರ್‌ನೆಟ್ ಬಂದ ಮೇಲೆ ಅಂಟಿಕೊಂಡ ಚಾಳಿ ಅಂದುಕೊಂಡಿರಾ? ಅಲ್ಲವೇ ಅಲ್ಲ! ಸಾವಿರ ವರ್ಷಕ್ಕೂ ಹಿಂದೆಯೇ ರಾಜಶೇಖರನೆಂಬ ಪಂಡಿತ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಗಳ ಕಳ್ಳತನಕ್ಕೆಂದೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದ. ಪದ ಕದಿಯುವುದು ಬೇರೆ, ಅರ್ಥ ಕದಿಯುವುದು ಬೇರೆ ಎಂದು ಕಳ್ಳತನದಲ್ಲೂ ಬಗೆಬಗೆ ಗುರುತಿಸಿದ್ದ!

ಅವನಿಗೂ ಮೊದಲು ಕಾಶ್ಮೀರದ ಆನಂದವರ್ಧನ ಇನ್ನೂ ಚೆಂದದ ಲೆಕ್ಕ ಹಾಕಿದ್ದ. ಒಂದು ಕಾವ್ಯ ಇನ್ನೊಂದನ್ನು ಮೂರು ರೀತಿ ಹೋಲಬಹುದಂತೆ. ಕನ್ನಡಿಯೊಳಗಿನ ಬಿಂಬದ ಹಾಗೆ, ಬರೆದ ಚಿತ್ರದ ಹಾಗೆ, ಮುಖ ಹೋಲುವ ಇಬ್ಬರು ಮನುಷ್ಯರ ಹಾಗೆ. ಮೊದಲ ಎರಡು ಬೇಡವೇ ಬೇಡ, ಮೂರನೆಯದು ನಡೆಯುತ್ತದೆ ಎಂದ. ಇಬ್ಬರ ಮುಖ ಒಂದೇ ಥರ ಇದ್ದರೂ ಜೀವ ಬೇರೆ ಬೇರೆ ಅಲ್ಲವೇ!

ಈಗ ನಮ್ಮ ಧಾರವಾಡಕ್ಕೆ ಬನ್ನಿ. ಇಲ್ಲಿ ಕೂತು ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೀರಾ? ಹಾಗಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ನಿಮಗೂ ಅನ್ವಯ. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರೊಳಗಿದ್ದರೆ ಶಿಕ್ಷೆ ಇಲ್ಲ. ಶೇ. 40ರವರೆಗೆ ಹೋದರೆ ತಿದ್ದಿ, ಆರು ತಿಂಗಳೊಳಗೆ ಮತ್ತೆ ಒಪ್ಪಿಸಬೇಕು. ಶೇ. 60ರವರೆಗಾದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. ಅದನ್ನೂ ದಾಟಿದರೆ? ನೋಂದಣಿಯೇ ರದ್ದು!

ಮೇಷ್ಟ್ರುಗಳು ಬಚಾವ್ ಅನ್ನಬೇಡಿ. ಪ್ರಕಟಿತ ಲೇಖನದಲ್ಲಿ ಶೇ. 60 ಮೀರಿ ಕದ್ದದ್ದು ಸಾಬೀತಾದರೆ ಲೇಖನ ವಾಪಸ್. ಎರಡು ವರ್ಷದ ಇನ್‌ಕ್ರಿಮೆಂಟಿಗೂ ಕತ್ತರಿ. ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ!

ಆಕಸ್ಮಿಕವಾಗಿ ಪದಗಳು ಹೊಂದಿಕೊಂಡರೆ? ಅದಕ್ಕೂ ಅದೇ ನಿಯಮದಲ್ಲಿ ವಿನಾಯಿತಿ ಇದೆ. ಸಾಲಾಗಿ 14 ಪದಗಳವರೆಗೆ. ಎಷ್ಟು ಕರಾರುವಾಕ್ಕು ನೋಡಿ!

ನಿಮ್ಮ ಬರಹವನ್ನು ನೀವೇ ಕದಿಯಬಹುದು, ಗೊತ್ತೇ? ಹಳೆಯ ಲೇಖನವನ್ನೇ ಹೊಸದೆಂದು ಇನ್ನೊಂದು ಪತ್ರಿಕೆಗೆ ದಾಟಿಸಿದರೆ ಅದು ಸ್ವಕೃತಿಚೌರ್ಯ. ಇದರ ಬಗ್ಗೆ 2020ರಲ್ಲಿ ಯುಜಿಸಿ ಪ್ರತ್ಯೇಕ ಸೂಚನೆಯನ್ನೇ ಹೊರಡಿಸಿತು!

ಕಾಪಿರೈಟ್ ಕಾನೂನು ಬೇರೆ, ಕೃತಿಚೌರ್ಯ ಬೇರೆ ಎಂಬುದೂ ಸೋಜಿಗವೇ. ಬಸವಣ್ಣನವರ ವಚನಗಳಿಗೆ ಕಾಪಿರೈಟ್ ಇಲ್ಲ. ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದರೆ ಅವುಗಳ ಕೆಳಗೆ ತನ್ನ ಹೆಸರು ಹಾಕಿಕೊಂಡವನು ಕಳ್ಳನೇ!

ಅಂದಹಾಗೆ, ವಚನಕಾರರ ಜಾಣತನ ನೋಡಿ. ಪ್ರತಿ ವಚನದೊಳಗೇ ಗುರುತು ಹೊಲಿದಿಟ್ಟರು. ಕೂಡಲಸಂಗಮದೇವ ಅಂದರೆ ಬಸವಣ್ಣ. ಗುಹೇಶ್ವರ ಅಂದರೆ ಅಲ್ಲಮ. ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕೂಡಿಸಿದಾಗ, ಯಾವ ವಚನ ಯಾರದೆಂದು ಹೇಳಿದ್ದು ಇದೇ ಅಂಕಿತ. ಎಂಟು ನೂರು ವರ್ಷ ಕಳೆದರೂ ಅಳಿಸದ ಸಹಿ!

ಇಲ್ಲೊಂದು ತಿರುವು ಕೇಳಿ. ಪರರ ಬರಹಕ್ಕೆ ತಮ್ಮ ಹೆಸರು ಹಾಕುವವರು ಇದ್ದ ಹಾಗೆ, ತಾವು ಬರೆದದ್ದಕ್ಕೆ ಶರಣರ ಅಂಕಿತ ಹಚ್ಚಿದವರೂ ಇದ್ದರು! ವಿದ್ವಾಂಸರು ಇವನ್ನು ಖೊಟ್ಟಿ ವಚನ ಅನ್ನುತ್ತಾರೆ. ಅಸಲಿ ಯಾವುದು, ಖೊಟ್ಟಿ ಯಾವುದು ಎಂದು ಜರಡಿ ಹಿಡಿಯುವುದು ಸಂಪಾದಕರಿಗೆ ದೊಡ್ಡ ತಲೆನೋವು. ಧಾರವಾಡದ ಎಂ.ಎಂ. ಕಲಬುರ್ಗಿ ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟ ಒಂದೆರಡಲ್ಲ, ಹದಿನೈದು!

ಮೂಲ ಹೇಳುವ ಮರ್ಯಾದೆ ಎಂದರೇನು ಗೊತ್ತೇ? ಕಿಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟು ಸಿಕ್ಕರೆ ಒಮ್ಮೆ ಬಿಡಿಸಿ ನೋಡಿ. 1894ರಲ್ಲಿ ಹೊರಬಂದ ಈ ಪುಸ್ತಕದಲ್ಲಿ 70 ಸಾವಿರದಷ್ಟು ಪದಗಳಿವೆ. ಅರ್ಥದ ಪಕ್ಕದಲ್ಲಿ ಚಿಕ್ಕ ಚಿಕ್ಕ ಸಂಕೇತಾಕ್ಷರಗಳು ಕಾಣುತ್ತವೆ. ಈ ಪ್ರಯೋಗ ಶಬ್ದಮಣಿದರ್ಪಣದ್ದು, ಇದು ಬಸವಪುರಾಣದ್ದು, ಇದು ಜೈಮಿನಿ ಭಾರತದ್ದು ಎಂದು ತಿಳಿಸುವ ಗುರುತುಗಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದೊಂದರ ಮೂಲವನ್ನೂ ಕೈಯಲ್ಲೇ ಬರೆದಿಟ್ಟ ತಾಳ್ಮೆಗೆ ಏನನ್ನೋಣ!

ಸಂಗೀತದಲ್ಲೂ ಇದೇ ಮರ್ಯಾದೆ. ಹುಬ್ಬಳ್ಳಿ-ಧಾರವಾಡದ ಬೈಠಕ್‌ಗಳಲ್ಲಿ ಗಮನಿಸಿ. ಗಾಯಕರು ಗುರುವಿನ ಹೆಸರು ಹೇಳುವಾಗ ಕೈ ತಾನಾಗಿಯೇ ಕಿವಿ ಮುಟ್ಟುತ್ತದೆ. ಎಷ್ಟೋ ಬಂದಿಶ್‌ಗಳಲ್ಲಿ ‘ಸದಾರಂಗ’ ಎಂಬ ಹೆಸರು ಕೇಳಿಬರುತ್ತದೆ. ಅದು 18ನೇ ಶತಮಾನದಲ್ಲಿ ದೆಹಲಿಯ ಮುಹಮ್ಮದ್ ಶಾಹನ ಆಸ್ಥಾನದಲ್ಲಿದ್ದ ನಿಯಾಮತ್ ಖಾನ್‌ನ ಅಂಕಿತ. ಮುನ್ನೂರು ವರ್ಷದ ಹಿಂದಿನ ಹೆಸರನ್ನು ನಮ್ಮ ಗಾಯಕರು ಬಿಡದೆ ಹಾಡುತ್ತಲೇ ಇದ್ದಾರೆ!

ಕಳ್ಳರನ್ನು ಹಿಡಿಯಲು ಇಲ್ಲದ ಊರನ್ನೇ ಹುಟ್ಟಿಸಿದ ಕಥೆ ಕೇಳಿದ್ದೀರಾ? 1930ರ ದಶಕದಲ್ಲಿ ಅಮೆರಿಕದ ಕಂಪನಿಯೊಂದು ತನ್ನ ನಕಾಶೆಯಲ್ಲಿ ಆಗ್ಲೋ ಎಂಬ ಸುಳ್ಳು ಊರನ್ನು ಗುರುತಿಸಿತು. ಯಾರಾದರೂ ನಕಲು ಮಾಡಿದರೆ ಸಿಕ್ಕಿಬೀಳಲಿ ಎಂದು. ಆಮೇಲೆ ಯಾರೋ ನಕಾಶೆ ನೋಡಿ, ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿಯನ್ನೇ ತೆರೆದರು. ಸುಳ್ಳು ಊರು ನಿಜವಾಗಿಬಿಟ್ಟಿತು!

ಗೊತ್ತಿಲ್ಲದೆಯೂ ಕದಿಯಬಹುದು. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲ್ಲರ್ 11 ವರ್ಷದವಳಿದ್ದಾಗ ಬರೆದ ಕಥೆ ಬೇರೊಬ್ಬ ಲೇಖಕಿಯ ಕಥೆಯನ್ನೇ ಹೋಲುತ್ತಿತ್ತು. ಹಿಂದೆ ಯಾರೋ ಅದನ್ನು ಅವಳ ಅಂಗೈ ಮೇಲೆ ಅಕ್ಷರಕ್ಷರವಾಗಿ ಓದಿ ಹೇಳಿದ್ದರು. ಹಾಗೆ ಹೇಳಿದ್ದು ಮರೆತುಹೋಗಿತ್ತು, ಕಥೆ ಮಾತ್ರ ಒಳಗೇ ಉಳಿದಿತ್ತು. ಪಾಪ, ಆ ಪುಟ್ಟ ಹುಡುಗಿಯನ್ನು ಶಾಲೆಯವರು ವಿಚಾರಣೆಗೇ ಕೂರಿಸಿದರು!

ಕೊನೆಗೆ ಸಾಧನಕೇರಿಯ ವರಕವಿಯ ವಿಷಯ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ನಮ್ಮ ಕಾನೂನಿನ ಪ್ರಕಾರ ಅವರ ಕವಿತೆಗಳ ಹಕ್ಕು ಅಲ್ಲಿಂದ 60 ವರ್ಷ, ಅಂದರೆ 2041ರ ಡಿಸೆಂಬರ್ 31ರವರೆಗೆ. ಆಮೇಲೆ ಕವಿತೆ ಎಲ್ಲರದೂ. ಹೆಸರು ಮಾತ್ರ ಅವರದೇ! ಜನವರಿ 31 ಅವರು ಹುಟ್ಟಿದ ದಿನ. ಅಂದು ಅವರ ಸಾಲುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತೀರಲ್ಲ, ಕೆಳಗೆ ಅವರ ಕಾವ್ಯನಾಮ ‘ಅಂಬಿಕಾತನಯದತ್ತ’ ಎಂದು ಬರೆದೇ ಕಳಿಸಿರಿ!